ಕಾವಿ ಬಣ್ಣದ ಕ್ಯಾಮೆರಾ ಚೀಲ

ಆ ಸಂಜೆ ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ಮೂವರು. ನಾನು, ನನ್ನ ಹೆಂಡತಿ ನೀಲಾ, ಮತ್ತು ಎದುರು ಓಣಿಯ ಹಸನ್‌ಸಾಬ. ಹಸನ್‌ಸಾಬ ಟ್ರ್ಯಾಕ್ಟರು, ಮೋಟಾರ್ ಸೈಕಲ್ಲುಗಳ ಸೀಟಿಗೆ ಹೊದಿಕೆ ಹೊಲಿಯುವವನು. ನನ್ನ ಸಾಲೆಯ ಕಾಲದ ಗೆಳೆಯ. ಯಾವ ಕೆಲಸಕ್ಕೂ ಆಗುವುದಿಲ್ಲ ಎಂದವನಲ್ಲ. ಜಮಖಾನೆಯ ಮೇಲೆ ನನ್ನ ಎರಡು ಕ್ಯಾಮೆರಾಗಳೂ ಇದ್ದವು. ಅವುಗಳನ್ನೂ ಹಾಜರಿದ್ದವರ ಜೊತೆಗೆ ಸೇರಿಸಬೇಕು, ಏಕೆಂದರೆ ಸಭೆ ಸೇರಿದ್ದೇ ಅವುಗಳ ವಾಸಸ್ಥಾನದ ಬಗ್ಗೆ ನಿರ್ಣಯ ಕೈಗೊಳ್ಳಲಿಕ್ಕೆ.

ಒಂದು ಕ್ಯಾಮೆರಾ ನನ್ನ ಮಾವನವರದು, ರೀಲು ಹಾಕುವ ಹಳೆಯ ಕಾಲದ್ದು. ಮುರಗೋಡದ ಆಚೆಗಿನ ತಮ್ಮ ಊರಿನಲ್ಲಿ ಅವರು ಆ ಕ್ಯಾಮೆರಾದಿಂದ ಊರ ಮಂದಿಯ ಫೋಟೋ ಎಲ್ಲ ತೆಗೆದಿದ್ದರು. ತೀರಿಕೊಳ್ಳುವ ಮೊದಲು ಅದನ್ನು ನನ್ನ ಕೈಗಿಟ್ಟು, "ಅವಸರ ಮಾಡಬ್ಯಾಡ್ರಿ ಅಳ್ಯಾರ. ಬೆಳಕ ಬರೂತನಾ ಕಾಯ್ರಿ" ಎಂದಿದ್ದರು. ನಾನು ಆ ಮಾತನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ಕಾಯುವುದು ಹೆಚ್ಚಾಗಿ ಫೋಟೋ ತೆಗೆಯುವುದು ಬಹುತೇಕ ನಿಂತುಹೋಗಿತ್ತು. ಇನ್ನೊಂದು ನಾನೇ ಕೊಂಡ ಪುಟ್ಟ ಡಿಜಿಟಲ್ ಕ್ಯಾಮೆರಾ. ಗುಂಡಿ ಒತ್ತಿದರೆ ಅದರ ಮೂತಿ ಆಮೆಯ ಕತ್ತಿನ ಹಾಗೆ ಕರ್ ಎಂದು ಹೊರಗೆ ಬರುತ್ತದೆ. ಎರಡೂ ನೀಲಾಳ ಹಳೆಯ ಸೀರೆಯ ತುಂಡು ಸುತ್ತಿಕೊಂಡು ಸಂತೆಯ ಚೀಲದೊಳಗೆ ಸಂಸಾರ ಮಾಡಿಕೊಂಡಿದ್ದವು. ಅದರಿಂದಾಗಿ ಮಾವನವರ ಕ್ಯಾಮೆರಾಕ್ಕೆ ಸದಾ ಮೆಂತ್ಯದ ಸೊಪ್ಪಿನ ವಾಸನೆ.

ನೀಲಾ ವರ್ಷದಿಂದ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಕುಟ್ಟಿ, ಪಾಕೀಟು ಕಟ್ಟಿ ಮಾರುತ್ತಿದ್ದಾಳೆ. ಹದ ಅವಳ ತಾಯಿಯದು. ಈ ಸಲ ಸವದತ್ತಿ ಗುಡ್ಡದ ದಾರಿಯಲ್ಲಿರುವ ಒಂದು ಅಂಗಡಿಯವರು ಬನದ ಹುಣ್ಣಿಮೆಯ ಜಾತ್ರೆಗೆ ಅವಳ ಪಾಕೀಟು ಇಡಲು ಒಪ್ಪಿದ್ದರು. ಆದರೆ ಬರೀ ಬಿಳಿ ಪಾಕೀಟು ಬೇಡ, ಮೇಲೊಂದು ಚೆಂದದ ಚೀಟಿ ಇರಲಿ ಎಂದಿದ್ದರು. ಆ ಚೀಟಿಯ ಮೇಲೆ ನೀಲಾಳಿಗೆ ಹೂವು ಬೇಡ, ಬಳ್ಳಿ ಬೇಡ. ಒಳಕಲ್ಲಿನ ಮುಂದೆ ಒನಕೆ ಹಿಡಿದು ಕುಳಿತ ತನ್ನ ಅವ್ವನ ಫೋಟೋ ಬೇಕು.

ಇದು ಸಣ್ಣ ಬೇಡಿಕೆಯಲ್ಲ. ಊರಿಗೆಲ್ಲ ಫೋಟೋ ತೆಗೆದುಕೊಟ್ಟ ಮನೆಯಲ್ಲಿ ನಮ್ಮ ಅತ್ತೆಯದೊಂದು ಫೋಟೋ ಇರಲಿಲ್ಲ. ಮಾವನವರು ಕ್ಯಾಮೆರಾ ಎತ್ತಿದರೆ ಸಾಕು, ಅವರು ಬಾಗಿಲ ಮರೆಗೆ ಸರಿಯುತ್ತಿದ್ದರಂತೆ. "ನನ್ನ ಮಾರೀ ಏನ ನೋಡ್ತಾರ, ಚಟ್ನಿ ತಿನ್ರಿ ಅನ್ನು" ಎನ್ನುತ್ತಿದ್ದ ಅವರನ್ನು ನೀಲಾ ಹೇಗೋ ಕಾಡಿ ಬೇಡಿ ಒಪ್ಪಿಸಿದ್ದಳು. ಅದೂ ಒಂದೇ ಒಂದು ಮುಂಜಾನೆಗೆ. ಆ ದಿನವೇ ಹತ್ತರ ಬಸ್ಸಿಗೆ ಅತ್ತೆ ಮೊಮ್ಮಗಳ ಬಾಣಂತನಕ್ಕೆಂದು ರಾಮದುರ್ಗಕ್ಕೆ ಹೊರಟವರು. ಹೋದರೆ ಹುಣ್ಣಿಮೆ ದಾಟಿಸಿಯೇ ಬರುವವರು.

"ಮೊಬೈಲ್‌ನಾಗ ನಾನ ತಗೀತೇನಿ ಬಿಡ್ರಿ," ಎಂದಳು ನೀಲಾ.

ನನಗೆ ನೋವಾಯಿತು. "ಮೊಬೈಲ್‌ನಾಗ ಬರೇ ಮಾರಿ ಬರತೈತಿ ನೀಲಾ. ಕ್ಯಾಮೆರಾದಾಗ ಮನಷ್ಯಾ ಬರತಾನ."

"ಹಂಗಾರ ಹೋಗಿ ಆ ಮನಷ್ಯಾನ್ನ ತಗೊಂಡ ಬರ್ರಿ."

"ತರತೇನಿ. ಆದ್ರ ಮೊದಲ ಒಂದ ಚೀಲ ಆಗಬೇಕು."

"ನಾ ಹೊಲದ ಕೊಡತೇನಲೋ," ಎಂದ ಹಸನ್‌ಸಾಬ. "ಎರಡ ಕ್ಯಾಮೆರಾ ಅಂದ್ರ ಏನ ದೊಡ್ಡದು? ಎರಡ ಟ್ರ್ಯಾಕ್ಟರ್ ಇದ್ರೂ ಕುಂಡ್ರಸತೇನಿ."

ನಾನು ನಕ್ಕುಬಿಟ್ಟೆ. ಕ್ಯಾಮೆರಾ ಚೀಲವೆಂಬುದು ಸೀಟಿನ ಹೊದಿಕೆಯಲ್ಲ, ಅದಕ್ಕೊಂದು ಶಾಸ್ತ್ರವಿದೆ, ಅದನ್ನು ಆರಿಸುವ ಕೆಲಸ ನನಗೇ ಬಿಡಿ ಎಂದು ಸಭೆಯನ್ನು ಬರಖಾಸ್ತು ಮಾಡಿದೆ. ಒಂದು ಚೀಲ ಆರಿಸುವುದು ಎಷ್ಟರ ಮಾತು?

ನಾನು ಬಯಸಿದ್ದು ಬಹಳ ಸಾದಾ ಚೀಲ. ಸಣ್ಣದಿರಬೇಕು. ದಿನಾಲೂ ಹೆಗಲಿಗೆ ಹಾಕಿಕೊಳ್ಳುವಂತಿರಬೇಕು. ಹೆಗಲ ಮೇಲೆ ಏನಾದರೂ ಇದೆ ಎಂಬುದೇ ಮರೆತುಹೋಗಬೇಕು. ಒಳಗೆ ಕ್ಯಾಮೆರಾ ಇದೆ ಎಂದು ನೋಡಿದವರಿಗೆ ಗೊತ್ತಾಗಬಾರದು. ನಾನು ಗುಮಾಸ್ತನಾಗಿರುವ ಅರಳೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ ಕುಳಿತಾಗೆಲ್ಲ ನನಗೆ ಆ ಚೀಲದ್ದೇ ಕನಸು. ಅದು ಹೆಗಲಿಗೆ ಬಂದ ಮೇಲೆ ನಾನು ತೊರಗಲ್ ಕೋಟೆಯ ಬಾಗಿಲಲ್ಲಿ ಮಂಜು ಕರಗುವುದನ್ನು ನೋಡುತ್ತ ನಿಂತಿರುತ್ತೇನೆ. ಕಿತ್ತೂರಿನ ಮುರುಕು ಗೋಡೆಗಳ ಮೇಲೆ ಗಿಳಿಗಳು ಬಂದು ಕೂರುತ್ತವೆ. ಮಲಪ್ರಭೆಯ ಹಿನ್ನೀರಿನಲ್ಲಿ ಕೊಕ್ಕರೆಯೊಂದು ಒಂಟಿಗಾಲಲ್ಲಿ ನನಗಾಗಿಯೇ ಕಾದಿರುತ್ತದೆ. ಕೈ ಮೆಲ್ಲಗೆ ಚೀಲದೊಳಗೆ ಇಳಿಯುತ್ತದೆ, ಕ್ಯಾಮೆರಾ ತಾನಾಗಿ ಅಂಗೈಗೆ ಬರುತ್ತದೆ. ಕನಸಿನಲ್ಲಿ ನಾನು ಎಲ್ಲಿಯೂ ಬೆವರುತ್ತಿರಲಿಲ್ಲ. ಹೊಟ್ಟೆಯೂ ಇರುತ್ತಿರಲಿಲ್ಲ.

ಮೊದಲನೆಯ ಚೀಲವನ್ನು ಮೊಬೈಲಿನಲ್ಲಿ ನೋಡಿ ತರಿಸಿದೆ. ಚಿತ್ರದಲ್ಲಿ ಅದನ್ನು ಒಬ್ಬ ಚೆಲುವೆ ಹೆಗಲಿಗೆ ಹಾಕಿಕೊಂಡು ಹಿಮದ ಗುಡ್ಡದ ತುದಿಯಲ್ಲಿ ನಿಂತಿದ್ದಳು. ದೊಡ್ಡ ಡಬ್ಬಿ ಬಂತು. ಡಬ್ಬಿಯೊಳಗೆ ಇನ್ನೊಂದು ಡಬ್ಬಿ, ಅದರೊಳಗೆ ಗಾಳಿ ತುಂಬಿದ ಪ್ಲಾಸ್ಟಿಕ್ಕು, ಅದರೊಳಗೆ ಚೀಲ. ನಮ್ಮಜ್ಜಿಯ ಎಲೆ ಅಡಿಕೆ ಸಂಚಿಗಿಂತ ತುಸು ದೊಡ್ಡದು. ಡಿಜಿಟಲ್ ಕ್ಯಾಮೆರಾ ಅರ್ಧ ಒಳಗೆ ಹೋಗಿ, ಹೊದಿಕೆ ಸಾಲದ ಮನುಷ್ಯನಂತೆ ಅರ್ಧ ಹೊರಗೆ ಉಳಿಯಿತು.

"ಅಳತಿ ಬರದಿರತಾರಲ್ರಿ, ನೋಡಲಿಲ್ಲೇನ?" ಎಂದಳು ನೀಲಾ.

"ನಾ ಹಿಂದಿನ ಗುಡ್ಡ ನೋಡಾಕತ್ತಿದ್ದೆ."

ಅವಳು ಅದನ್ನು ತೆಗೆದುಕೊಂಡು ಹೋಗಿ ತನ್ನ ಓದುವ ಚಾಳೀಸು ಇಡಲು ಬಳಸತೊಡಗಿದಳು.

ಎರಡನೆಯ ಚೀಲಕ್ಕೆ ಕಣ್ಣಾರೆ ನೋಡಿಯೇ ಕೊಳ್ಳಬೇಕೆಂದು ಕಿತ್ತೂರಿಗೆ ಹೋದೆ. ಹೆದ್ದಾರಿಗೆ ಹತ್ತಿದ ಒಂದು ಅಂಗಡಿಯಲ್ಲಿ ಕರಿಯ ರೆಕ್ಸಿನ್ನಿನ ಗಟ್ಟಿ ಚೀಲವೊಂದು ತೂಗುತ್ತಿತ್ತು. ದಪ್ಪ ಪಟ್ಟಿ, ಹಿತ್ತಾಳೆಯ ಗುಂಡಿ, ಒಳಗೆ ಮನೆಯೊಳಗೆ ಮನೆಯೆಂಬಂತೆ ಜೇಬುಗಳು. ಜೊತೆಗೆ ಒಯ್ದಿದ್ದ ಎರಡೂ ಕ್ಯಾಮೆರಾ ಹಿಡಿದವು. ಅಂಗಡಿಯವರು ಚೀಲವನ್ನು ನೆಲಕ್ಕೆ ಬಡಿದು ತೋರಿಸಿ, "ನೀವ ಹರಿಬೇಕಂದ್ರೂ ಹರಿಯಂಗಿಲ್ರಿ" ಎಂದರು. ನಾನು ಕೃತಾರ್ಥನಾಗಿ ಅಲ್ಲಿಂದಲೇ ಹೆಗಲಿಗೇರಿಸಿ ವಾಪಸು ಬಸ್ಸು ಹತ್ತಿದೆ.

ಸೀಟು ಇರಲಿಲ್ಲ. ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೆ. ಹೊರಗೆ ಕಬ್ಬಿನ ಹೂವಿನ ಮೇಲೆ ಸಂಜೆಯ ಬೆಳಕು ಬೆಳ್ಳಿಯ ಹೊಗೆಯಂತೆ ತೇಲುತ್ತಿತ್ತು. ನಾನು ಅದರೊಳಗೆ ಇಳಿದುಹೋಗಿದ್ದೆ. ಯಾರೋ ಪಕ್ಕೆಗೆ ತಿವಿದರು.

"ಎರಡ ಬೈಲಹೊಂಗಲ ಕೊಡ್ರಿ."

ಪಟಕಾ ಸುತ್ತಿದ ಹಿರಿಯರೊಬ್ಬರು ನೋಟು ಹಿಡಿದು ನಿಂತಿದ್ದರು. "ನಾ ಕಂಡಕ್ಟರ್ ಅಲ್ರಿ ಕಾಕಾ," ಎಂದೆ. ಅವರು ನನ್ನ ಖಾಕಿ ಜರ್ಕಿನ್ನು ನೋಡಿದರು, ಚೀಲ ನೋಡಿದರು.

"ಹಂಗಾರ ಚೀಲ ಯಾಕ ಹಾಕ್ಕೊಂಡೀರಿ?"

ಅಷ್ಟರಲ್ಲಿ ಹಿಂದಿನಿಂದ ಇನ್ನೂ ಇಬ್ಬರು ಕೈ ಚಾಚಿದರು. ನಿಜವಾದ ಕಂಡಕ್ಟರ್ ಗದ್ದಲ ಸೀಳಿಕೊಂಡು ಬಂದ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಣ್ಣಾರ, ಟಿಕೀಟ ನೀವ ಹರೀತಿದ್ರ ಹರೀರಿ. ನನಗೂ ಕುಂಡ್ರಬೇಕಾಗೇತಿ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಇಳಿಯುವಾಗ ಒಬ್ಬ ಹೆಣ್ಣುಮಗಳು ನನಗೆ, "ಸಾವಕಾಶ, ನಾ ಇಳಿಯೂತನಾ ಸೀಟಿ ಊದಬ್ಯಾಡ್ರಿ" ಎಂದಳು. ಅವಳು ತಮಾಷೆ ಮಾಡಿದಳೋ ನಿಜಕ್ಕೂ ಹೇಳಿದಳೋ, ಇಂದಿಗೂ ತಿಳಿದಿಲ್ಲ.

ಹೀಗೆ ಶಾಸ್ತ್ರವೆಲ್ಲ ಮುಗಿದ ಮೇಲೆ ನಾನು ಹಸನ್‌ಸಾಬನ ಅಂಗಡಿಯ ಮೆಟ್ಟಿಲು ಹತ್ತಿದೆ. ಅವನು ನನಗೊಂದು ಸ್ಟೂಲು ಸರಿಸಿದ. ಚಹಾ ತರಿಸಿದ. ಆ ಚಹಾ ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಅಂಗಡಿಯ ಮೂಲೆಯಲ್ಲಿ ಬಟ್ಟೆಗಳ ರಾಶಿ ಬಿದ್ದಿತ್ತು. ಕರಿಯ ರೆಕ್ಸಿನ್ನು ಕಂಡರೆ ನನಗೆ ಬಸ್ಸಿನ ನೆನಪು ಬರುತ್ತಿತ್ತು. ಕೆಂಪು ಮಖಮಲ್ಲು ಮದುವೆಯ ಕುರ್ಚಿಯಂತಿತ್ತು. ಅವೆರಡರ ನಡುವೆ ಮಡಿಚಿಟ್ಟ ಒಂದು ಬಟ್ಟೆಯ ಮೇಲೆ ಬಾಗಿಲಿಂದ ಸಂಜೆಯ ಬಿಸಿಲು ಬಿದ್ದಿತ್ತು. ಬಿಸಿಲು ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವಂತಿರಲಿಲ್ಲ.

"ಅದು ಯಾವದು?"

"ಭಜನಿ ಮಂಡಳಿಯವರ ಹಾರ್ಮೋನಿಯಂ ಪೆಟಗಿಗೆ ಗವಸಣಗಿ ಹೊಲದಿದ್ದೆ. ಉಳದೈತಿ."

"ಇದ ಬಣ್ಣ ಹಸನ್ಯಾ. ಸುಗ್ಗಿ ದಿನದ ಸಂಜೀ ಬಿಸಲ ನೋಡು, ಥೇಟ ಇದ."

"ಬಣ್ಣ ಚಲೋ ಐತಿ. ಆದ್ರ..."

"ಆದ್ರ ಏನ?"

ಹಸನ್‌ಸಾಬ ಸೂಜಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ನನ್ನ ಮುಖ ನೋಡಿದ. "ಏನಿಲ್ಲ ಬಿಡು. ಹೊಲೀತೇನಿ."

ಅವನು ಜನ್ಮದಲ್ಲಿ ಒಮ್ಮೆ 'ಆದ್ರ' ಎಂದಿದ್ದ. ನಾನು ಅದನ್ನು ಬಿಸಿಲಿನಲ್ಲಿ ಕಳೆದುಬಿಟ್ಟೆ.

ಚೀಲ ಎರಡೇ ದಿನದಲ್ಲಿ ಸಿದ್ಧವಾಯಿತು. ಒಳಗೆ ಟ್ರ್ಯಾಕ್ಟರ್ ಸೀಟಿನ ಮೆತ್ತನೆಯ ಸ್ಪಂಜು ಕೊಟ್ಟು ಎರಡು ಕೋಣೆ ಮಾಡಿದ್ದ. ಉದ್ದನೆಯ ಪಟ್ಟಿ, ಸೊಂಟದ ಕೆಳಗೆ ಬಂದು ಕೂರುವ ಜೋಲು. ಬಾಯಿ ಅಗಲ; ಜಿಪ್ಪು ಬೇಡ ಎಂದವನು ನಾನೇ. ಜಿಪ್ಪಿನ ಸಪ್ಪಳಕ್ಕೆ ಕೊಕ್ಕರೆ ಹಾರಿಹೋಗುತ್ತದೆ. ಕನ್ನಡಿಯ ಮುಂದೆ ನಿಂತು ನೋಡಿದೆ: ಸಣ್ಣದು, ಹಗುರ, ಕ್ಯಾಮೆರಾ ಚೀಲವೆಂದು ದೇವರಿಗೂ ಗೊತ್ತಾಗುವಂತಿರಲಿಲ್ಲ. ನಾನು ಕೇಳಿದ್ದೆಲ್ಲ ಸಿಕ್ಕಿತ್ತು.

ನೀಲಾ ಕತ್ತು ಓರೆ ಮಾಡಿ ನೋಡಿದಳು. "ಇದನ್ನ ಎಲ್ಲೋ ನೋಡಿದಂಗ ಐತಲ್ರಿ."

"ಎಲ್ಲೂ ನೋಡಿಲ್ಲ ನೀ. ಜಗತ್ತಿನ್ಯಾಗ ಇದು ಒಂದ."

ಅತ್ತೆ ಒಪ್ಪಿದ್ದ ಆ ಮುಂಜಾನೆ ನಾನೂ ನೀಲಾಳೂ ಮೊದಲ ಬಸ್ಸಿಗೆ ಹೊರಟೆವು. ಸ್ನಾನ ಮಾಡಿ, ರೂಢಿಯಂತೆ ಹಣೆಗೆ ವಿಭೂತಿ ಹಚ್ಚಿ, ಬಿಳಿಯ ಪಂಚೆ, ಬಿಳಿಯ ಅಂಗಿ ಹಾಕಿದ್ದೆ. ಬಿಳಿ ಬಟ್ಟೆ ಮುಖದ ಮೇಲೆ ಬೆಳಕು ಚೆಲ್ಲುತ್ತದೆಂದು ಎಲ್ಲೋ ಓದಿದ್ದೆ. ಚಳಿಗೆ ತಲೆಯ ಮೇಲಿಂದ ಶಾಲು ಹೊದ್ದಿದ್ದೆ. ಚೀಲ ಬಂದ ದಿನದಿಂದ ಗಡ್ಡ ಬಿಟ್ಟಿದ್ದೆ. ಫೋಟೋ ತೆಗೆಯುವವರಿಗೆ ಗಡ್ಡ ಒಪ್ಪುತ್ತದೆ ಎಂಬುದು ನನ್ನ ಸ್ವಂತ ಅಭಿಪ್ರಾಯ.

ಅತ್ತೆಯ ಊರು ಇನ್ನೂ ಒಂದು ಮೈಲಿ ಇರುವಾಗ ಕಿಟಕಿಯ ಹೊರಗೆ ಕಂಡ ನೋಟಕ್ಕೆ ನಾನು ಎದ್ದು ನಿಂತೆ. ಕಡಲೆ ಹೊಲದ ಮೇಲೆ ಮಂಜು ಮಲಗಿತ್ತು.

"ನಾ ಇಲ್ಲೇ ಇಳಿದು ಹೊಲಾ ಹಾಯ್ದು ಬರತೇನಿ," ಎಂದೆ.

"ಒಂಬತ್ತರೊಳಗ ಮನ್ಯಾಗ ಇರ್ರಿ. ಅವ್ವ ಹತ್ತರ ಬಸ್ಸಿಗೆ ಹೋಗಾಕಿ. ಮತ್ತ ಆಕಿ ಕೈಗೆ ಸಿಗಂಗಿಲ್ಲ." ನೀಲಾಳ ದನಿಯಲ್ಲಿ ಬೇಡಿಕೆಯೂ ಇತ್ತು, ಎಚ್ಚರಿಕೆಯೂ ಇತ್ತು.

"ಬೆಳಕಿನ ಜೋಡಿನ ಬರತೇನಿ ಅಂತ ಅವ್ವಗ ಹೇಳು."

ಆ ಹೊಲದ ನಡಿಗೆಯನ್ನು ನಾನು ಇನ್ನೂ ನಿದ್ದೆಯಲ್ಲಿ ನಡೆಯುತ್ತಿರುತ್ತೇನೆ. ಕಡಲೆಯ ಎಲೆಗಳ ಮೇಲೆ ಹುಳಿ ಹುಳಿ ಇಬ್ಬನಿ. ಬಿಳಿಜೋಳದ ತೆನೆಗಳು ಮಂಜಿನೊಳಗಿಂದ ಒಂದೊಂದಾಗಿ ಹೊರಬಂದು, ನನ್ನನ್ನು ನೋಡಿ, ಮತ್ತೆ ಮಂಜಿಗೆ ಹೋಗುತ್ತಿದ್ದವು. ಎಲ್ಲೋ ಒಂದು ಎತ್ತಿನ ಕೊರಳ ಗಂಟೆ. ಎತ್ತು ಇರಲಿಲ್ಲ, ಗಂಟೆಯಷ್ಟೇ ನಡೆದು ಹೋಯಿತು. ಹಸಿ ಎರೆಮಣ್ಣು ನನ್ನ ಚಪ್ಪಲಿಯ ಬಾರನ್ನು ಮೆಲ್ಲಗೆ ಕಿತ್ತುಕೊಂಡಿತು. ನನಗೆ ಬೇಸರವಾಗಲಿಲ್ಲ. ಎರಡನ್ನೂ ಒಂದು ಜಾಲಿಯ ಬುಡಕ್ಕಿಟ್ಟು ಬರಿಗಾಲಲ್ಲಿ ನಡೆದೆ. ಹೆಗಲ ಮೇಲೆ ಚೀಲವಿದೆ ಎಂಬುದೇ ಮರೆತುಹೋಗಿತ್ತು. ಹಸನ್‌ಸಾಬನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ನನ್ನ ಗುರುತಿನವರು ಯಾರೂ ಇರದ ಊರ ಅಂಚಿನ ಮೊದಲ ಓಣಿಯಲ್ಲಿ ಒಂದು ಹಳೆಯ ಮನೆ. ಕೆತ್ತನೆಯ ಬಾಗಿಲ ಚೌಕಟ್ಟಿನ ಮೇಲೆ ಬಿಸಿಲಿನ ಮೊದಲ ಎಳೆ ಇಳಿಯುತ್ತಿತ್ತು. ಇನ್ನೊಂದು ಗೇಣು ಇಳಿದರೆ ಹೊಸ್ತಿಲಿನ ಅರಿಸಿನ ಹೊತ್ತಿಕೊಳ್ಳುತ್ತದೆ. ನಾನು ಬಾಗಿಲೆದುರು ನಿಂತೆ. ಎಡಗೈಯಿಂದ ಚೀಲದ ಬಾಯಿ ಅಗಲಿಸಿ ಹಿಡಿದೆ. ಬೆಳಕಿನ ಅಂದಾಜಿಗೆ ಕಣ್ಣು ಅರೆ ಮುಚ್ಚಿದೆ. ಕಾದೆ.

ಹಿಟ್ಟು ಬೀಳುವ ಸಪ್ಪಳ ಅಷ್ಟು ಮೆತ್ತಗೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೊದಲು ಮಂಜು ಬಿತ್ತೆಂದುಕೊಂಡೆ.

ಕಣ್ಣು ತೆರೆದರೆ ಎದುರಿಗೊಬ್ಬ ಅಜ್ಜಿ. ಕೈಯಲ್ಲಿ ಖಾಲಿಯಾದ ಮೊರ. ನನ್ನ ಚೀಲದೊಳಗೆ ಕ್ಯಾಮೆರಾ ಮುಳುಗುವಷ್ಟು ಜೋಳದ ಹಿಟ್ಟು!

"ಭಾಳ ಹೊತ್ತ ನಿಂದ್ರಸಿದೆ, ತಪ್ಪ ತಿಳಕೋಬ್ಯಾಡ್ರಿ ಅಯ್ಯಾರ," ಎಂದು ಅಜ್ಜಿ ಬಗ್ಗಿ ನನ್ನ ಕಾಲಿಗೆ ನಮಸ್ಕರಿಸಿತು.

ಆಗ ನನಗೆ ಹೊಳೆಯಿತು. ನೀಲಾ ಎಲ್ಲಿ ನೋಡಿದ್ದಳು, ಹಸನ್‌ಸಾಬ ಏಕೆ 'ಆದ್ರ' ಎಂದ, ಎಲ್ಲ ಹೊಳೆಯಿತು. ಕಾವಿ ಬಟ್ಟೆ, ಸೊಂಟಕ್ಕಿಳಿದ ಜೋಲು, ಅಗಲ ಬಾಯಿ. ಜಗತ್ತಿನಲ್ಲಿ ಇದೊಂದೇ ಎಂದು ನಾನು ತಿಳಿದಿದ್ದ ಚೀಲ, ಮನೆಮನೆಗೆ ಭಿಕ್ಷೆಗೆ ಬರುವ ಅಯ್ಯನವರ ಜೋಳಿಗೆ! ಅದರ ಜೊತೆಗೆ ವಿಭೂತಿ, ಗಡ್ಡ, ಬರಿಗಾಲು, ಬಾಗಿಲೆದುರು ಅರೆಮುಚ್ಚಿದ ಕಣ್ಣು. ಅಜ್ಜಿಯದು ಎಳ್ಳಷ್ಟೂ ತಪ್ಪಿರಲಿಲ್ಲ. ನಾನಾಗಿದ್ದರೂ ಹಿಟ್ಟು ನೀಡುತ್ತಿದ್ದೆ.

"ಅವ್ವಾ, ನಾ ಅಯ್ಯಾ ಅಲ್ಲವಾ," ಎಂದೆ.

"ಖರೇ ಅಯ್ಯಾರು ಹಂಗ ಅಂತಾರ್ರಿ," ಎಂದಿತು ಅಜ್ಜಿ ಇನ್ನಷ್ಟು ಭಕ್ತಿಯಿಂದ.

"ಇಲ್ಲವಾ, ನಾ ಫೋಟೋ ತಗಿಯಾಂವ."

"ಯಾವ ಕೆಲಸಾ ಮಾಡಿದ್ರೇನ್ರಿ, ಹುಟ್ಟಿದ್ದ ಮಠ ಬಿಡತೈತೇನ?"

ಪಕ್ಕದ ಮನೆಯ ಸೊಸೆ ಇದನ್ನು ನೋಡಿ ಓಡಿ ಒಳಗೆ ಹೋಗಿ ಬೊಗಸೆ ತುಂಬ ಜೋಳ ತಂದಳು. ಬೇಡ ಎಂದು ಚೀಲದ ಬಾಯಿ ಮುಚ್ಚಲು ಹೋದೆ. ಅವಳ ಮುಖ ಬಾಡಿತು. "ನಮ್ಮ ಮನೀದು ಯಾಕ ಒಲ್ಲೆ ಅಂತೀರಿ?" ಈ ಮಾತಿಗೆ ಯಾರು ತಾನೆ ಏನು ಹೇಳಬೇಕು? ಬಾಯಿ ತೆರೆದೆ; ಚೀಲದ್ದು. ಆಚೆ ಮನೆಯವರು ತೊಗರಿಬೇಳೆ ಹಾಕಿದರು. ಓಣಿಯ ಕೊನೆಯಲ್ಲಿ ಒಬ್ಬ ಗಂಡಸು ಎಮ್ಮೆಯ ಹಗ್ಗ ಹಿಡಿದು ದಾರಿಗೆ ಅಡ್ಡ ನಿಂತ.

"ಅಯ್ಯಾರ, ಈ ಎಮ್ಮಿ ಗಬ್ಬ ನಿಲ್ಲವಲ್ದು. ಏನಾರ ಒಂದ ಮಾತ ಹೇಳಿ ಹೋಗ್ರಿ."

ನಾನು ಎಮ್ಮೆಯನ್ನು ನೋಡಿದೆ. ಎಮ್ಮೆ ನನ್ನನ್ನು ನೋಡಿತು. ಅದರ ಕಣ್ಣಿನಲ್ಲಿ ನನ್ನ ಬಗ್ಗೆ ಯಾವ ಭ್ರಮೆಯೂ ಇರಲಿಲ್ಲ. ಗಾಬರಿಯಲ್ಲಿ ನನಗೆ ಬಾಯಿಪಾಠವಿದ್ದ ಒಂದೇ ಒಂದು ಉಪದೇಶ ಹೊರಬಿತ್ತು.

"ಅವಸರ ಮಾಡಬ್ಯಾಡ್ರಿ. ಬೆಳಕ ಬರೂತನಾ ಕಾಯ್ರಿ."

ಅವನ ಕಣ್ಣು ತೇವವಾಯಿತು. ಕೈ ಮುಗಿದು ಎಮ್ಮೆಯನ್ನು ಪಕ್ಕಕ್ಕೆ ಸರಿಸಿದ. ಆ ಕ್ಷಣ ನನಗೆ ಈ ಕೆಲಸ ಅರಳೆ ಅಂಗಡಿಯ ಕೆಲಸಕ್ಕಿಂತ ಚೆನ್ನಾಗಿ ಒಗ್ಗುತ್ತದೆಂದು ಅನಿಸಿದ್ದು ಸುಳ್ಳಲ್ಲ.

ಅತ್ತೆಯ ಮನೆ ಮುಟ್ಟಿದಾಗ ಒಂಬತ್ತು ದಾಟಿ ಬಹಳ ಹೊತ್ತಾಗಿತ್ತು. ನೀಲಾ ಅಂಗಳದಲ್ಲಿ ಒಳಕಲ್ಲು ತೊಳೆದು, ಶೇಂಗಾ ಹುರಿದಿಟ್ಟು, ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿದಳು. ಕಾಲು ನೋಡಿದಳು. ಚೀಲ ನೋಡಿದಳು.

"ಏನ್ರಿ ಇದು?"

"ಊರ ಮಂದಿ ಭಾಳ ಚಲೋ ಅದಾರ ನೀಲಾ."

"ಕ್ಯಾಮೆರಾ ಎಲ್ಲದಾವು?"

"ತಳದಾಗ."

ಅವಳು ಒಳಕಲ್ಲಿನ ಅಂಚಿನ ಮೇಲೆ ಕುಳಿತುಬಿಟ್ಟಳು. ಚೀಟಿಯೂ ಹೋಯಿತು, ಹುಣ್ಣಿಮೆಯೂ ಹೋಯಿತು, ಅವ್ವನ ಫೋಟೋವೂ ಹೋಯಿತು ಎಂಬುದು ಅವಳ ಬೆನ್ನಿನಲ್ಲೇ ಕಾಣುತ್ತಿತ್ತು. ನಾನು ಅವಸರದಿಂದ ಹಿಟ್ಟಿನೊಳಗೆ ಕೈ ಇಳಿಸಲು ಹೋದೆ.

"ಕೈ ತಗೀರಿ," ಎಂದರು ಅತ್ತೆ ಒಳಗಿನಿಂದ ಬಂದು. ಹಸಿರು ಇಳಕಲ್ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು, ಊರಿಗೆ ಹೊರಟು ನಿಂತಿದ್ದರು. "ಅಯ್ಯಾರಂತ ತಿಳದು ನೀಡ್ಯಾರ. ಜ್ವಾಳಿಗ್ಯಾಗ ಬಿದ್ದದ್ದು ಮಠಕ್ಕ ಹೋಗಬೇಕು. ನಾವು ತಿನ್ನೂವಂಗಿಲ್ಲ, ಚೆಲ್ಲೂವಂಗಿಲ್ಲ. ಮೊದಲ ಮುಟ್ಟಿಸಿ ಬರ್ರಿ."

"ಅತ್ತಿ, ಬಸ್ಸು..."

"ಬಸ್ಸ ಬರತೈತಿ ಹೋಗತೈತಿ."

ಪುಣ್ಯಕ್ಕೆ ಊರ ಮಠ ಹಿಂದಿನ ಓಣಿಯಲ್ಲೇ ಇತ್ತು. ನಾನು ಮುಂದೆ, ನೀಲಾ ಹಿಂದೆ, ಓಡಿದಂತೆ ನಡೆದೆವು. ದಾಸೋಹದ ಅಡುಗೆ ನೋಡಿಕೊಳ್ಳುವ ಸಿದ್ದಪ್ಪ ನನ್ನನ್ನು ಕಂಡು ಎದ್ದು ನಿಂತು, "ಬರ್ರಿ ಬರ್ರಿ, ಯಾವ ಊರ ಮಠದಿಂದ ಬಂದ್ರಿ?" ಎಂದು ಕಂಬಳಿ ಹಾಸತೊಡಗಿದರು.

"ಬೈಲಹೊಂಗಲದ ಅರಳೀ ಅಂಗಡ್ಯಾಗ ಬರಕೊಂಡ ಕುಂಡ್ರತಾರ್ರಿ ಇವ್ರು," ಎಂದಳು ನೀಲಾ. "ಸಾಣಿಗಿ ತಗೊಂಡ ಬರ್ರಿ ಲಗೂ."

ಸಿದ್ದಪ್ಪ ದೊಡ್ಡ ಪರಾತದ ಮೇಲೆ ಸಾಣಿಗೆ ಹಿಡಿದರು. ನಾನು ಚೀಲ ಬೋರಲು ಹಾಕಿದೆ. ಹಿಟ್ಟು ಇಳಿಯಿತು, ಜೋಳ, ಬೇಳೆ ಉಳಿದವು, ಅವುಗಳ ನಡುವೆ ಧೊಪ್ಪೆಂದು ಒಂದು, ಧೊಪ್ಪೆಂದು ಇನ್ನೊಂದು ಬಿದ್ದವು. ಬೆಳ್ಳಗೆ ಹಿಟ್ಟು ಮೆತ್ತಿದ ನನ್ನ ಎರಡು ಕ್ಯಾಮೆರಾಗಳು. ಸಿದ್ದಪ್ಪ ರೂಢಿಯಂತೆ ಸಾಣಿಗೆಯ ಅಂಚನ್ನು ಎರಡು ಸಲ ತಟ್ಟಿದರು. ಆಮೇಲೆ ಬಗ್ಗಿ ನೋಡಿದರು.

"ಇವು ಯಾವ ಹೊಲದಾಗ ಬೆಳದ ಕಾಳ್ರಿ?"

ನೀಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೋ ನಗುತ್ತಾಳೋ ನೋಡಲು ನನಗೆ ಧೈರ್ಯ ಬರಲಿಲ್ಲ.

ಮನೆಗೆ ಮರಳಿದಾಗ ಬಸ್ಸಿಗೆ ಬೆರಳೆಣಿಕೆಯಷ್ಟು ನಿಮಿಷ ಉಳಿದಿತ್ತು. ಅತ್ತೆ ಒಳಕಲ್ಲಿನ ಮುಂದೆ ಒನಕೆ ಹಿಡಿದು ಕುಳಿತರು. ಕುಳಿತರೆಂದರೆ, ಕಚೇರಿಯಲ್ಲಿ ಸಾಕ್ಷಿ ಹೇಳಲು ಕುಳಿತಂತೆ. ಹುಬ್ಬು ಗಂಟು, ತುಟಿ ಬಿಗಿ.

"ಅತ್ತಿ, ಸ್ವಲ್ಪ ನಗ್ರಿ."

"ಯಾಕ ನಗಬೇಕು?"

ಡಿಜಿಟಲ್ ಕ್ಯಾಮೆರಾವನ್ನು ಶಾಲಿನಿಂದ ಒರೆಸಿ ಗುಂಡಿ ಒತ್ತಿದೆ. ಕರ್... ಕರ್ರ್... ಮೂತಿ ಅರ್ಧ ಹೊರಗೆ ಬಂದು ನಿಂತಿತು. ಒಳಗೂ ಹೋಗಲೊಲ್ಲದು, ಹೊರಗೂ ಬರಲೊಲ್ಲದು. ತಟ್ಟಿದೆ. ಅಲ್ಲಾಡಿಸಿದೆ. ಕೊನೆಗೆ ಮುಖದ ಹತ್ತಿರ ಹಿಡಿದು, ಅದರ ಸಂದಿಗೆ ತುಟಿ ಒತ್ತಿ, ಇದ್ದ ಉಸಿರನ್ನೆಲ್ಲ ಸೇರಿಸಿ ಊದಿದೆ.

ಕ್ಯಾಮೆರಾ ನನಗಿಂತ ಜೋರಾಗಿ ವಾಪಸು ಊದಿತು.

ಸಂದಿಗೊಂದಿಯಲ್ಲಿ ಕೂತಿದ್ದ ಹಿಟ್ಟೆಲ್ಲ ಭುಸ್ಸೆಂದು ಮುಖಕ್ಕೆ ಎದ್ದಿತು. ಅಂಗಳದಲ್ಲಿ ಒಂದು ಸಣ್ಣ ಮೋಡ ಹುಟ್ಟಿತು. ಹುಬ್ಬು, ಮೀಸೆ, ಗಡ್ಡ, ಮೊಣಕೈವರೆಗಿನ ಕೈ ಎಲ್ಲ ಬೆಳ್ಳಗಾಗಿ, ಕಣ್ಣು ಮಾತ್ರ ಪಿಳಿಪಿಳಿ ಮಾಡುತ್ತ ನಾನು ಒಳಕಲ್ಲಿನ ಪಕ್ಕ ಕುಸಿದು ಕುಳಿತೆ. ಮೋಡದ ಆಚೆಯಿಂದ ಒಂದು ಸಪ್ಪಳ ಬಂತು. ಹಿಂದೆಂದೂ ಕೇಳದ ಸಪ್ಪಳ. ಅತ್ತೆ ನಗುತ್ತಿದ್ದರು. ಸೆರಗು ಜಾರಿದ್ದು ಗೊತ್ತಿಲ್ಲದೆ, ಒನಕೆಗೆ ಹಣೆ ಆನಿಸಿ, ಮತ್ತೆ ತಲೆ ಎತ್ತಿ, ಎಳೆಯ ಹುಡುಗಿಯ ಹಾಗೆ ನಗುತ್ತಿದ್ದರು.

ಎಲ್ಲೋ 'ಟಕ್' ಎಂದಿತು. ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು.

ನಾನು ಮಾವನವರ ಕ್ಯಾಮೆರಾ ಕೈಗೆತ್ತಿಕೊಂಡೆ. ಅದು ಕೆಲಸ ಮಾಡುತ್ತಿತ್ತು. ಆದರೆ ಒಂದು ಮೋಡ ಬಿಸಿಲಿಗೆ ಅಡ್ಡ ಬಂದಿತ್ತು. ಕಾದೆ. ಬೆಳಕು ಬರುವ ಹೊತ್ತಿಗೆ ಅತ್ತೆ ಬಸ್ಸಿನ ಕಿಟಕಿಯಲ್ಲಿದ್ದರು. "ಅಳ್ಯಾರ, ಮಾರಿ ತೊಳಕೋರಿ," ಎಂದು ಕೈ ಬೀಸಿದರು. ನಾನು ಗುಂಡಿ ಒತ್ತಿದೆ. ಆ ರೀಲು ಎಂದಾದರೂ ತೊಳೆಸಿದರೆ ಅದರಲ್ಲಿ ರಾಮದುರ್ಗದ ಬಸ್ಸಿನ ಹಿಂಭಾಗ ಬಹಳ ಒಳ್ಳೆಯ ಬೆಳಕಿನಲ್ಲಿ ಸಿಗುತ್ತದೆ.

ಚೀಟಿ ಮುದ್ರಣವಾಗಿ ಬಂತು. 'ಟಕ್' ಎಂದದ್ದು ನೀಲಾಳ ಮೊಬೈಲು. ಸುತ್ತ ಮಂಜಿನಂಥ ಬಿಳುಪು, ಅದರ ನಡುವೆ ಹಸಿರು ಸೀರೆಯ ನಮ್ಮ ಅತ್ತೆ ಒನಕೆ ಹಿಡಿದು ನಗುತ್ತಿದ್ದಾರೆ. ನಾನು ವರ್ಷಗಟ್ಟಲೆ ಕನಸಿನಲ್ಲಿ ತೆಗೆದ ಫೋಟೋಗಳೆಲ್ಲ ಹಾಗಿರುತ್ತಿದ್ದವು. ಪಕ್ಕದಲ್ಲಿ ಕುಳಿತ ನನ್ನನ್ನು ಪ್ರೆಸ್ಸಿನವರು ಕತ್ತರಿಸಿ ತೆಗೆದಿದ್ದರು. ಎಡಗಡೆ ಕೆಳಗೆ ಮೊಣಕೈ ಒಂದು ಉಳಿದುಬಿಟ್ಟಿತ್ತು. ಹುಣ್ಣಿಮೆಗೆ ಗುಡ್ಡದ ದಾರಿಯ ಅಂಗಡಿಗೆ ಹೋದ ಪಾಕೀಟುಗಳು ಖಾಲಿಯಾಗಿ, ಅಂಗಡಿಯವರು ಮತ್ತೆ ಕಳಿಸಿ ಎಂದು ಹೇಳಿ ಕಳಿಸಿದರು.

ಒಂದು ಪಾಕೀಟು ರಾಮದುರ್ಗಕ್ಕೂ ಹೋಯಿತು. ಅದು ಮುಟ್ಟಿದ ದಿನ ಅತ್ತೆ ಫೋನು ಮಾಡಿದರು.

"ನಾ ಹಿಂಗ ನಗತೇನಿ ಅಂತ ನನಗ ಗೊತ್ತಿರಲಿಲ್ಲ ಅಳ್ಯಾರ," ಎಂದರು. "ಫೋಟೋ ಭಾಳ ಚಲೋ ತಗದೀರಿ."

"ಬೆಳಕ ಚಲೋ ಇತ್ರಿ ಅತ್ತಿ," ಎಂದೆ.

ಪಕ್ಕದಲ್ಲಿ ಚಟ್ನಿ ತುಂಬುತ್ತಿದ್ದ ನೀಲಾ ತಲೆ ಎತ್ತಲಿಲ್ಲ. "ಫೋಟೋದಾಗ ನೀವೂ ಅದೀರಿ ಅಂತ ಹೇಳ್ರಿ ಅವ್ವಗ," ಎಂದಳು.

ಹೇಳಿದೆ. ಅತ್ತೆ ಚಾಳೀಸು ತರಿಸಿಕೊಂಡು ಹುಡುಕಿದರು. "ಎಲ್ಲದೀರಿ? ಕಾಣವಲ್ರಿ."

"ಎಡಕ್ಕ, ತೆಳಗ. ಬೆಳ್ಳಗ ಐತಿ ನೋಡ್ರಿ. ನನ್ನ ಮೊಣಕೈ."

ಆ ಕಡೆ ಪಾಕೀಟು ತಿರುಗಿಸಿ ನೋಡುವ ಸಪ್ಪಳ ಕೇಳಿಸಿತು.

"ಅಯ್ಯ, ಹೌದೇನ್ರಿ?" ಎಂದರು ಅತ್ತೆ. "ನಾ ಇನ್ನೊಂದ ಒನಕಿ ಅಂತ ತಿಳಕೊಂಡಿದ್ದೆ."